ಹತ್ತು ಖೋಲಿಗಳ ಚಾರ್ಜ್

ಕಳೆದ ವಾರ ಒಣಮೆಣಸಿನಕಾಯಿ ತರಲು ಮಡಗಾಂವ್ ಮಾರುಕಟ್ಟೆಗೆ ಹೋಗಿದ್ದೆ. ಮಳೆ ಇನ್ನೇನು ಬರುವ ದಿನಗಳು. ಹಗ್ಗ ಮಾರುವ ಅಂಗಡಿಯವನೊಬ್ಬ ಮಳೆಗೆ ಮಾಡಿನ ಮೇಲೆ ಹೊದಿಸುವ ಹೊಸ ನೀಲಿ ತಾಡಪತ್ರಿಯ ಸುರುಳಿಯನ್ನು ಕಟ್ಟೆಯ ಮೇಲೆ ಬಿಚ್ಚಿ ಹಾಸಿದ. ಬಿಸಿಲಿಗೆ ಅದರ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಪಕ್ಕದಲ್ಲಿ ನಿಂತವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಬೆನ್ನು ನೆಟ್ಟಗಾಯಿತು. ಝುವಾರಿನಗರದ ನಮ್ಮ ಚಾಳಿನಲ್ಲಿ ಎರಡು ವರ್ಷದ ಹಿಂದೆ ಕಳೆದ ಮಳೆಗಾಲ ನೆನಪಾಯಿತು. ಅದನ್ನು ಬರೆದಿಡಬೇಕು ಎನ್ನಿಸಿ ಮನೆಗೆ ಬಂದ ಕೂಡಲೇ ಕುಳಿತೆ.

ನಾನು ವಾಸ್ಕೋದ ಒಂದು ಸಣ್ಣ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು. ಹುಟ್ಟಿದ್ದು ಗದಗಿನ ಕಡೆ, ಬೆಳೆದದ್ದು ಧಾರವಾಡದ ಒಂದು ಬೋರ್ಡಿಂಗಿನಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಹಾಸಿಗೆಯ ಚಾದರ ಸುಕ್ಕು ಬಿದ್ದಿದ್ದರೆ ಮತ್ತೆ ಹಾಸಬೇಕು. ಆ ಶಿಸ್ತಿನ ಬಗ್ಗೆ ನನ್ನದೇನೂ ದೂರಿಲ್ಲ. ಆಸ್ಪತ್ರೆಗೆ ಸೇರಿದಾಗ ಅದೇ ಕೈಹಿಡಿಯಿತು. ಅಲ್ಲಿ ನನಗೆ ಕಲಿಸಿದ ಮೊದಲ ನಿಯಮ ಇದು: ಪಾಳಿ ಮುಗಿದವಳು ಮುಂದಿನ ಪಾಳಿಯವಳ ಜೊತೆ ಹಾಸಿಗೆಯಿಂದ ಹಾಸಿಗೆಗೆ ನಡೆದು, ರೋಗಿಗಳನ್ನೂ ಸಾಮಾನನ್ನೂ ತೋರಿಸಿ, ಅವಳು 'ಚಾರ್ಜ್ ತಗೊಂಡೆ' ಎನ್ನುವ ತನಕ ವಾರ್ಡ್ ಬಿಡಬಾರದು. ಮನೆಯಲ್ಲಿ ಹೆಣ ಬಿದ್ದಿದ್ದರೂ ಬಿಡಬಾರದು. ನಾನು ಯಾವತ್ತೂ ಬಿಟ್ಟಿಲ್ಲ.

ನನ್ನ ಯಜಮಾನರು ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೂ ನಾನು ಚಾಳಿನ ಮೊದಲ ಖೋಲಿಯಲ್ಲೇ ಉಳಿದೆ. ಒಂದೇ ಸಾಲಿನಲ್ಲಿ ಹತ್ತು ಖೋಲಿ, ಮೇಲೆ ತಗಡಿನ ಪತ್ರಾ, ಮುಂದೆ ಉದ್ದಕ್ಕೆ ಕಟ್ಟೆ, ಕಟ್ಟೆಯ ಕೆಳಗೆ ಕೆಂಪು ಮಣ್ಣಿನ ಇಳಿಜಾರು. ನನ್ನನ್ನು ಬಿಟ್ಟರೆ ಉಳಿದವರೆಲ್ಲ ವಿಜಯಪುರ, ಬಾಗಲಕೋಟೆ ಕಡೆಯವರು. ಗೋಡೆ ಕಟ್ಟುವ ಗೌಂಡಿಗಳು, ಲಾರಿ ಡ್ರೈವರುಗಳು, ಸಮುದ್ರದ ದಂಡೆಯಲ್ಲಿ ಮಣಿಸರ ಮಾರುವವರು. ಎಲ್ಲರೂ ನನ್ನನ್ನು ಸಿಸ್ಟರ್ ಬಾಯಾರು ಎನ್ನುತ್ತಾರೆ.

ಚಾಳಿನ ಮಾಲಕಿ ಎಸ್ಪೆರಾನ್ಸ್ ಬಾಯಿ, ಇಲ್ಲಿಯದೇ ಕ್ರಿಶ್ಚಿಯನ್ ಮನೆತನದ ವಿಧವೆ. ಚಾಳಿನ ಹಿಂದಿನ ದಿಬ್ಬದ ಮೇಲೆ ಅವರ ಮನೆಯಿತ್ತು. ಅವರ ಕಾಲದಲ್ಲಿ ಕರಾರುಪತ್ರ, ರಸೀದಿ ಏನೂ ಇರಲಿಲ್ಲ. ಬಾಡಿಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಮಳೆಗೆ ಮೊದಲು ಅವರು ತಾಡಪತ್ರಿ ತರಿಸಿಕೊಡುತ್ತಿದ್ದರು, ನಮ್ಮ ಗಂಡಸರು ಪತ್ರಾದ ಮೇಲೆ ಹತ್ತಿ ಅದನ್ನು ಕಟ್ಟುತ್ತಿದ್ದರು. ಇದರ ಜೊತೆ ಇನ್ನೊಂದು ಪದ್ಧತಿಯೂ ಇತ್ತು. ಮೊಹರಂ ಬಂದರೆ ನನ್ನ ಖೋಲಿಯೊಂದನ್ನು ಬಿಟ್ಟು ನಮ್ಮ ಚಾಳು ಪೂರಾ ಖಾಲಿಯಾಗುತ್ತದೆ. ಆ ಕಡೆಯ ಹಳ್ಳಿಗಳಲ್ಲಿ ಮೊಹರಂ ಅಂದರೆ ಹಿಂದೂ, ಮುಸಲ್ಮಾನ ಎಲ್ಲರಿಗೂ ಹಬ್ಬ. ದೇವರ ಪಂಜಾ ಹೊರುವವರು ಮುಸಲ್ಮಾನರಾದರೆ ಬೆಂಕಿಯ ಕುಣಿಯ ಸುತ್ತ ಹೆಜ್ಜೆ ಹಾಕುವವರು ಲಿಂಗಾಯತರೋ ಕುರುಬರೋ ಇರುತ್ತಾರೆ. ಊರಿಗೆ ಹೊರಡುವ ದಿನ ಎಲ್ಲರೂ ಖೋಲಿಗೆ ಬೀಗ ಹಾಕಿ ಚಾವಿಯನ್ನು ಎಸ್ಪೆರಾನ್ಸ್ ಬಾಯಿಯ ಅಡುಗೆಮನೆಯ ಗೂಟಕ್ಕೆ ತೂಗುಹಾಕಿ ಹೋಗುತ್ತಿದ್ದರು. ಆಕೆ ದಿನಕ್ಕೊಮ್ಮೆ ಬಂದು ಬಾಗಿಲು ತೆರೆದು, ಸೋರುವಲ್ಲಿ ಪಾತ್ರೆ ಇಟ್ಟು, ಹಾಸಿಗೆ ಬೂಸು ಹಿಡಿಯದಂತೆ ನೋಡುತ್ತಿದ್ದರು. ಮರಳಿ ಬಂದವರು ಅವರಿಗೆ ಹಬ್ಬದ ಸಿಹಿ ಚೋಂಗೆ, ಶೇಂಗಾ ಹಿಂಡಿ ತಂದುಕೊಡುತ್ತಿದ್ದರು. ಗೋವಾದಲ್ಲಿ ಇಂಥ ಮಾಲಕರೂ ಬಾಡಿಗೆದಾರರೂ ಬೇರೆ ಎಲ್ಲಿದ್ದರೋ ನನಗೆ ಗೊತ್ತಿಲ್ಲ.

ಆ ವರ್ಷ ಬೇಸಿಗೆಗೆ ಮೊದಲು ಎಸ್ಪೆರಾನ್ಸ್ ಬಾಯಿ ಸ್ನಾನದ ಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡರು. ತಮ್ಮನ ಮಗ ರೋಕ್ ಅವರನ್ನು ದಾಬೋಲಿಮ್‌ನ ತನ್ನ ಮನೆಗೆ ಕರೆದೊಯ್ದ. ಚಾಳಿನ ವ್ಯವಹಾರವೂ ಅವನ ಕೈಗೆ ಹೋಯಿತು. ನಮ್ಮ ಹುಡುಗರ ಜೊತೆ ಫುಟ್‌ಬಾಲ್ ಆಡಿ ಬೆಳೆದವನು, ನಮ್ಮ ಕನ್ನಡ ಚೆನ್ನಾಗಿ ಬರುತ್ತದೆ. ಮೇ ತಿಂಗಳ ಒಂದು ಭಾನುವಾರ ಬಂದು ಕಟ್ಟೆಯ ಕೆಳಗೆ ನಿಂತು ಹೇಳಿದ:

"ಹೊರಗ ರೇಟ್ ಡಬಲ್ ಆಗೈತಿ. ಮಳಿಗಾಲದಿಂದ ನಿಮ್ಮ ಬಾಡಗೀನೂ ಡಬಲ್. ಒಲ್ಲೆ ಅನ್ನೋರು ಖೋಲಿ ಬಿಡ್ರಿ. ತಾಡಪತ್ರಿ ಮಾತು ಆಮ್ಯಾಲೆ."

ನಾಲ್ಕನೆಯ ಖೋಲಿಯ ರಾಜೇಸಾಬ ಗೌಂಡಿ, ನಾಲಿಗೆ ಚೂಪು. "ಹೊರಗ ಡಬಲ್ ಆಗಿದ್ದು ಖರೇ ರೋಕಬಾಬ, ನನ್ನ ಪಗಾರ ಎಲ್ಲೆ ಡಬಲ್ ಆಗೈತಿ? ನಡಿ, ನನ್ನ ಮುಕಾದಮನ ಕಡೆ ಹೋಗೂಣು. ಅವಗೂ ಹಿಂಗ ನಿಂತು ಹೇಳ."

ಎಲ್ಲರೂ ನಕ್ಕರು. ರೋಕ್ ನಗಲಿಲ್ಲ. ಮುಂದಿನ ತಿಂಗಳು ನಾವು ಹಳೆಯ ಬಾಡಿಗೆ ತೆಗೆದುಕೊಂಡು ಹೋದರೆ ಮುಟ್ಟಲಿಲ್ಲ. "ನಿಮ್ಮ ಕಡೇನ ಇಟ್ಗೊಳ್ರಿ" ಎಂದು ಬಾಗಿಲು ಹಾಕಿಕೊಂಡ.

ಚಾಳಿನಲ್ಲಿ ಆ ಸಂಜೆ ಹಬ್ಬವೇ ಹಬ್ಬ. ಎರಡನೆಯ ಖೋಲಿಯ ಹನುಮವ್ವ ಸಮುದ್ರದ ದಂಡೆಯಲ್ಲಿ ವಿದೇಶದವರಿಗೂ ದರ ಬಿಟ್ಟುಕೊಡದ ಲಂಬಾಣಿ ಹೆಂಗಸು. ಅವಳೂ ಕುಣಿದಾಡಿದಳು. "ಬಾಡಗಿ ಬ್ಯಾಡ ಅನ್ನೋ ಮಾಲಕ ಏಳು ಜನ್ಮಕ್ಕೂ ಸಿಗಂಗಿಲ್ಲರೀ ಬಾಯಾರ! ಅವನ ಫೋಟೋ ಹೊಡಿಸಿ ದೇವರ ಜಗಲಿ ಮ್ಯಾಲ ಇಡೂದ."

"ಇಡು. ಊದಿನಕಡ್ಡಿ ನಾ ತಂದುಕೊಡತೀನಿ," ಎಂದೆ. "ನಾಕ ತಿಂಗಳಾದ ಮ್ಯಾಲ ಇವರು ಬಾಡಗೀನ ಕೊಟ್ಟಿಲ್ಲ ಅಂತ ಅವ ಕೋರ್ಟಿಗೆ ಹೋಗತಾನ. ಆಗ ಏನ್ ಹೇಳತೀ? ಅವನ ಬ್ಯಾಡ ಅಂದ ಅಂತೀ? ಸಾಕ್ಷಿ ಯಾರು? ನಿನ್ನ ಫೋಟೋ?"

ಮರುದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು, ಹನುಮವ್ವನನ್ನೂ ರಾಜೇಸಾಬನನ್ನೂ ಕರೆದುಕೊಂಡು ವಾಸ್ಕೋ ಕೋರ್ಟಿಗೆ ಹೋದೆ. ಅಲ್ಲಿ ಬಡವರಿಗೆ ಪುಕ್ಕಟೆ ಸಲಹೆ ಕೊಡುವ ಕೋಣೆಯೊಂದಿದೆ. ವಕೀಲೆ ಚಿಕ್ಕ ವಯಸ್ಸಿನವಳು, ಮಾತು ಸ್ಪಷ್ಟ. ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಬಾಡಿಗೆ ಏರಿಸಿ ಎಂದು ಕೇಳುವ ಹಕ್ಕು ಮಾಲಕರಿಗಿದೆ, ಬೇಕಾದರೆ ಖೋಲಿ ಬಿಡಿಸಲು ಕಾರಣ ತೋರಿಸಿ ದಾವೆ ಹಾಕುವ ಹಕ್ಕೂ ಇದೆ. ಆದರೆ ತಾವೇ ಬೀಗ ಜಡಿಯುವಂತಿಲ್ಲ, ನೀರು ನಿಲ್ಲಿಸುವಂತಿಲ್ಲ. ಬಾಡಿಗೆದಾರರು ಬಾಡಿಗೆ ತಪ್ಪಿಸುವಂತಿಲ್ಲ. ಮಾಲಕರು ಮುಟ್ಟದಿದ್ದರೆ ಮನಿ ಆರ್ಡರ್ ಮಾಡಿ, ಅದೂ ಮರಳಿ ಬಂದರೆ ಬಾಡಿಗೆಯ ಅಧಿಕಾರಿಯ ಬಳಿ ಕಟ್ಟಲು ಅರ್ಜಿ ಕೊಡಿ ಎಂದಳು.

ಎದ್ದು ಹೊರಡುವಾಗ ರಾಜೇಸಾಬ ಸುಮ್ಮನೆ ಕೇಳಿದ: "ಮೇಡಂ, ಮೊಹರಮ್ಮಿಗೆ ಊರಿಗೆ ಹೊಂಟೀವಿ. ಚಾವಿ ಮಾಲಕರ ಕಡೆ ಕೊಟ್ಟು ಹೋಗತೀವಿ. ಏನೂ ತ್ರಾಸ ಇಲ್ಲಲ್ಲರೀ?"

ಆಕೆ ಪೆನ್ನು ಕೆಳಗಿಟ್ಟಳು. "ಯಾಕೆ ಕೊಡ್ತೀರಿ? ಖೋಲಿ ಬಿಟ್ಟು ಚಾವಿ ಒಪ್ಪಿಸಿದರು ಅಂತ ಅವರು ಹೇಳಿದರೆ ಅಲ್ಲಿಗೆ ಮುಗಿಯಿತು. ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ, ಅದೂ ಹೊರಗೆ ನಿಂತು."

ಚಾಳಿನ ಎಲ್ಲರ ಮನಿ ಆರ್ಡರನ್ನೂ ಒಂದೇ ದಿನ ಅಂಚೆಕಚೇರಿಯಲ್ಲಿ ನಿಂತು ಮಾಡಿಸಿದೆ. ಸಾಲು ಮುರಿದವನನ್ನು ಮತ್ತೆ ಕೊನೆಯಲ್ಲಿ ನಿಲ್ಲಿಸಿದೆ. ಕಿಟಕಿಯ ಹಿಂದಿನ ನೌಕರ ಕೊಂಕಣಿಯಲ್ಲಿ "ಬಾಯ್, ಮಿಲಿಟರಿಯಲ್ಲಿ ಇದ್ದಿರಾ?" ಎಂದು ಕೇಳಿದ.

ಮಳೆ ಬಂತು. ಹಳೆಯ ತಾಡಪತ್ರಿಗಳಿಗೇ ತೇಪೆ ಹಾಕಿ ಕಟ್ಟಿಕೊಂಡೆವು. ಮನಿ ಆರ್ಡರುಗಳು ಒಂದೊಂದಾಗಿ ಮರಳಿ ಬಂದವು. ಅವನ್ನು ಜೋಡಿಸಿಕೊಂಡು ಅರ್ಜಿಯನ್ನೂ ಕೊಟ್ಟೆವು. ಹೀಗಿರುವಾಗ ಮೊಹರಂ ಹತ್ತಿರ ಬಂತು, ರೋಕ್ ಮತ್ತೆ ಬಂದ. ಈ ಸಲ ಮುಖ ತುಂಬ ನಗು, ಟೆಂಪೋದಲ್ಲಿ ಹೊಸ ತಾಡಪತ್ರಿಯ ಸುರುಳಿ.

"ಜಗಳ ಯಾಕ್ರಿ? ಹಬ್ಬಾ ಮುಗಿಸಿ ಬರ್ರಿ, ಕುಂತು ಮಾತಾಡೂಣು. ಚಾವಿ ನನ್ನ ಕಡೆ ಕೊಡ್ರಿ, ಆಂಟಿ ಮಾಡತಿದ್ದಂಗ ನಾನ ಎಲ್ಲಾ ನೋಡ್ಕೋತೇನಿ. ತಾಡಪತ್ರಿ ನೀವು ಬರೂದ್ರಾಗ ಕಟ್ಟಿಸಿರತೇನಿ."

ಅವನು ಹೋದ ಮೇಲೆ ಕಟ್ಟೆಯ ಮೇಲೆ ದೊಡ್ಡ ಜಗಳವಾಯಿತು. ಕೆಲವರಿಗೆ ಕರುಳು ಕರಗಿತ್ತು. ಚಾವಿ ಕೊಡದಿದ್ದರೆ ಎಸ್ಪೆರಾನ್ಸ್ ಬಾಯಿಗೆ ಅವಮಾನ ಮಾಡಿದಂತೆ ಎಂದರು. ಇನ್ನು ಕೆಲವರು ಈ ಸಲ ಊರೇ ಬೇಡ ಎಂದರು. ಅದಕ್ಕೆ ರಾಜೇಸಾಬ ಎದ್ದು ನಿಂತ. ಅವನ ಮನೆಯವರು ತಲೆಮಾರಿನಿಂದ ದೇವರು ಹೊರುವವರು. "ನಾ ಹೋಗಲಿಲ್ಲಂದ್ರ ದೇವರು ಏಳಂಗಿಲ್ಲ. ಖೋಲಿ ಹೋದ್ರ ಹೋಗಲಿ, ನಾ ಹೊಂಟಾಂವನ." ಅವನ ಹೆಂಡತಿ ಬೀಬಿಜಾನ ಮೆಲ್ಲಗೆ ಕೇಳಿದಳು: "ಖೋಲಿ ಹೋದ ಮ್ಯಾಲ ಬಂದು ಎಲ್ಲೆ ನಿಂದರೂದು? ಹುಡುಗೂರ ಸಾಲಿ ಏನ್ ಮಾಡೂದು?"

ನಾನು ಚಪ್ಪಾಳೆ ತಟ್ಟಿದೆ. ವಾರ್ಡಿನಲ್ಲಿ ಸಂದರ್ಶಕರನ್ನು ಹೊರಹಾಕುವಾಗ ತಟ್ಟುತ್ತಿದ್ದ ಚಪ್ಪಾಳೆ ಅದು. "ಎಲ್ಲಾರೂ ಹೋಗ್ರಿ. ಚಾವಿ ನನ್ನ ಕಡೆ ಕೊಡ್ರಿ. ಆದ್ರ ಹಂಗ ಬಿಸಾಕಿ ಓಡೂದಲ್ಲ. ಒಬ್ಬೊಬ್ಬರ ಬಂದು ಚಾರ್ಜ್ ಕೊಡಬೇಕು."

ಹೊರಡುವ ದಿನ ಬೆಳಿಗ್ಗೆ ಒಂದೊಂದೇ ಖೋಲಿಗೆ ಹೋಗಿ ನಿಂತೆ. ಗ್ಯಾಸ್ ಬಂದ್, ಟ್ರಂಕಿಗೆ ಕೀಲಿ, ಪತ್ರಾ ಸೋರುವುದು ಇಲ್ಲಿ, ಇಲಿ ಬರುವುದು ಅಲ್ಲಿಂದ. ರಾಜೇಸಾಬ ಗಂಭೀರವಾಗಿ "ಒಂದು ಟಿವಿ, ಎರಡು ಕೊಡ, ಮಾವ ಕೊಟ್ಟ ಒಂದು ಸೈಕಲ್, ಅದಕ್ಕ ಗಾಲಿ ಇಲ್ಲ" ಎಂದು ಒಪ್ಪಿಸಿದ. ಹನುಮವ್ವನ ಸರದಿ ಬಂತು. ಗಂಟು ಕಟ್ಟಿರಲಿಲ್ಲ, ಬಾಗಿಲಿನ ಹೊಸ್ತಿಲ ಮೇಲೆ ಕುಳಿತಿದ್ದಳು.

"ನಾ ಹೋಗಾಂಗಿಲ್ಲರೀ," ಎಂದಳು. "ಗಂಡ, ಮಕ್ಕಳು ಹೋಗಲಿ. ನೀವೊಬ್ಬರ ಇದ್ರ ಆ ರೋಕಗ ಇಂಗ್ಲೀಷಿನ್ಯಾಗ ಕಾಯ್ದೆ ಹೇಳಕೋತ ಕುಂದರತೀರಿ. ಬೈಯೋರು ಒಬ್ಬರು ಬೇಕಲ್ಲ."

ಹೀಗೆ ನಾವಿಬ್ಬರು ಉಳಿದೆವು. ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಕೆಂಪು ನೀರು ಇಳಿಜಾರಿನಲ್ಲಿ ಹೊಳೆಯಂತೆ ಹರಿದು ರಸ್ತೆಗೆ ಸೇರುತ್ತಿತ್ತು. ಖಾಲಿ ವಾರ್ಡಿಗೂ ದಿನಚರಿ ಬೇಕು. ಬೆಳಿಗ್ಗೆ ಎದ್ದು ಎಲ್ಲ ಖೋಲಿಗಳ ಬಾಗಿಲು ತೆರೆದು ಗಾಳಿ ಬಿಡುವುದು, ಹೊಸ್ತಿಲು ಒರೆಸುವುದು, ಪಾತ್ರೆಯ ನೀರು ಚೆಲ್ಲುವುದು. ಪ್ರತಿ ಖೋಲಿಯ ಮುಂದಿನ ಹಗ್ಗಕ್ಕೆ ಆಯಾ ಮನೆಯದೇ ಒಂದು ಬಟ್ಟೆ. ಸಂಜೆ ಎಲ್ಲ ಖೋಲಿಗಳಲ್ಲೂ ದೀಪ. ಮುಸಲ್ಮಾನರ ಖೋಲಿಗಳಲ್ಲಿ ಲೋಬಾನದ ಧೂಪವನ್ನೂ ಹಾಕಿದೆ, ಅವರಿದ್ದಿದ್ದರೆ ಹಾಕುತ್ತಿದ್ದರು. ಹನುಮವ್ವ ನನ್ನ ಹಿಂದೆಯೇ ಬಂದು "ಬಾಯಾರ, ಆ ಖೋಲ್ಯಾಗಿನ ಹೊದಿಕೀಗೆ ಥರ್ಮಾಮೀಟರ್ ಇಡೂದ ಮರತ್ರಿ" ಎಂದು ಅಣಕಿಸುತ್ತಿದ್ದಳು. ಅಣಕಿಸುತ್ತಲೇ ಸೋರುವ ಪತ್ರಾದ ಮೇಲೆ ಹತ್ತಿ, ತಾಡಪತ್ರಿಯ ಹಗ್ಗ ಬಿಗಿದು ಬರುತ್ತಿದ್ದಳು. ನನ್ನ ಮೊಣಕಾಲಿಗೆ ಆಗದ ಕೆಲಸ ಅದು.

ಒಂದು ಮುಂಜಾನೆ ಕೆಳಗೆ ಟ್ರಕ್ಕು ನಿಂತ ಸದ್ದಾಯಿತು. ಕಬ್ಬಿಣದ ಮಂಚಗಳನ್ನು ಹೇರಿಕೊಂಡು ಬಂದಿತ್ತು. ಮುಂದೆ ರೋಕ್, ಜೊತೆಗೆ ಛತ್ರಿ ಹಿಡಿದ ಒಬ್ಬ ಮನುಷ್ಯ. ಯಾವುದೋ ಕಟ್ಟಡ ಗುತ್ತಿಗೆದಾರನ ಕಡೆಯವನಂತೆ. ಚಾವಿ ಸಿಗದಿದ್ದರೂ ಬೀಗ ಒಡೆದು, ಖೋಲಿಖೋಲಿಗೂ ಮಂಚದ ಮೇಲೆ ಮಂಚ ಜೋಡಿಸಿ, ಕೂಲಿಯವರನ್ನು ತುಂಬುವ ಲೆಕ್ಕಾಚಾರ ಎಂದು ಕೂಡಲೇ ತಿಳಿಯಿತು. ಇಬ್ಬರೂ ಇಳಿಜಾರು ಹತ್ತಿ ಬಂದು ನಿಂತರು. ಹತ್ತು ಬಾಗಿಲು ತೆರೆದಿದ್ದವು, ಹತ್ತು ಹಗ್ಗದ ಮೇಲೂ ಬಟ್ಟೆ, ರಾಜೇಸಾಬನ ಖೋಲಿಯಲ್ಲಿ ಟಿವಿ ಕೂಡ ಹಾಡುತ್ತಿತ್ತು.

"ಖಾಲಿ ಅಂದಿದ್ದೆಯಲ್ಲ?" ಎಂದು ಛತ್ರಿಯವನು ಹಿಂದಿಯಲ್ಲಿ ಕೇಳಿದ.

"ಖಾಲೀನ. ಈ ಮುದುಕಿ ನಾಟಕಾ ಮಾಡಾಕತ್ತಾಳ," ಎಂದ ರೋಕ್. ಮೊದಲು ಯಾವತ್ತೂ ಅವನು ನನ್ನನ್ನು ಹಾಗೆ ಕರೆದಿರಲಿಲ್ಲ.

ನಾನು ಕಟ್ಟೆಯಿಂದ ಇಳಿಯಲಿಲ್ಲ. "ರೋಕಬಾಬ, ಈ ಖೋಲಿಗೋಳ ಚಾರ್ಜ್ ನನ್ನ ಕಡೆ ಐತಿ. ಕೋರ್ಟಿನ ಹುಕುಂ ತಗೊಂಬರ್ರಿ, ಒಂದೊಂದ ಸಾಮಾನು ತೋರಿಸಿ ನಾನ ನಿಮಗ ಒಪ್ಪಿಸತೀನಿ. ಇಲ್ಲಂದ್ರ ಇವರು ಬರೂತನಕಾ ಒಂದ್ ಕೊಡಾನೂ ಅಲ್ಲಾಡಂಗಿಲ್ಲ." ಆಮೇಲೆ ಛತ್ರಿಯವನಿಗೆ ಹಿಂದಿಯಲ್ಲಿ ಹೇಳಿದೆ, ಅರ್ಜಿ ಅಧಿಕಾರಿಯ ಮುಂದಿದೆ, ನೀವು ಮಂಚ ಇಳಿಸಿದರೆ ನಿಮ್ಮ ಹೆಸರನ್ನೂ ಅದರಲ್ಲಿ ಸೇರಿಸಬೇಕಾಗುತ್ತದೆ, ಹೆಸರು ಹೇಳಿ ಎಂದೆ. ಅವನು ಹೆಸರು ಹೇಳಲಿಲ್ಲ. ಛತ್ರಿ ತಿರುಗಿಸಿಕೊಂಡು ಟ್ರಕ್ಕಿನ ಕಡೆ ನಡೆದ.

ರೋಕ್ ಸಿಟ್ಟಿನಲ್ಲಿ ಹಿಂದೆ ಹೋಗಿ ಪಂಪಿನ ಕೋಣೆಗೆ ಬೀಗ ಜಡಿದ. ನಳದಲ್ಲಿ ನೀರು ನಿಂತಿತು. ಹನುಮವ್ವ ಅಲ್ಲಿಯ ತನಕ ಸುಮ್ಮನಿದ್ದದ್ದೇ ದೊಡ್ಡದು. ಮನೆಮನೆಯ ಕೊಡ, ಬಕೆಟ್ಟು, ಹಂಡೆ ಎಲ್ಲವನ್ನೂ ತಂದು ಪತ್ರಾದ ಅಂಚಿನ ಕೆಳಗೆ ಸಾಲಾಗಿ ಇಟ್ಟಳು. ಅವು ದಬದಬ ತುಂಬತೊಡಗಿದವು. ಸೊಂಟದ ಮೇಲೆ ಕೈಯಿಟ್ಟು ಕೂಗಿದಳು:

"ಏ ರೋಕ್ಯಾ! ಪಂಪಿಗೆ ಕೀಲಿ ಹಾಕಿದಿ, ಛಲೋ ಆತು. ಈಗ ಮ್ಯಾಲ ಹತ್ತಿ ಮಳೀಗೂ ಒಂದು ಹಾಕಿ ಹೋಗಪಾ!"

ಟ್ರಕ್ಕಿನ ಡ್ರೈವರು ಬಾಯಿಗೆ ಟವಲ್ ಅಡ್ಡ ಹಿಡಿದು ನಕ್ಕ. ಟ್ರಕ್ಕು ಮಂಚಗಳನ್ನು ಗಡಗಡ ಅಲ್ಲಾಡಿಸುತ್ತ ಹೊರಟುಹೋಯಿತು.

ಮರುದಿನ ಚಾಳಿನ ಚಾರ್ಜನ್ನು ಹನುಮವ್ವನಿಗೆ ಕೊಟ್ಟು ನಾನು ದಾಬೋಲಿಮ್‌ಗೆ ಹೋದೆ. ಎಸ್ಪೆರಾನ್ಸ್ ಬಾಯಿ ಕಿಟಕಿಯ ಪಕ್ಕದ ಮಂಚದ ಮೇಲಿದ್ದರು. ಸೊರಗಿದ್ದರು. ನಾನು ಮೊದಲು ಅವರ ಬೆನ್ನು ನೋಡಿದೆ, ಹಾಸಿಗೆ ಹುಣ್ಣು ಆಗಿರಲಿಲ್ಲ. ಆಮೇಲೆ ಕುರ್ಚಿಯಲ್ಲಿ ಕುಳಿತೆ. ಅವರೇ ಕೊಂಕಣಿಯಲ್ಲಿ ಮಾತು ತೆಗೆದರು.

"ಈ ವರ್ಷ ಚಾವಿ ಬರಲಿಲ್ಲ, ಬಾಯ್. ನಾನು ಕಳ್ಳಿ ಅಂದುಕೊಂಡಿರೇನು ನೀವೆಲ್ಲ?"

ನಾನು ನಡೆದದ್ದನ್ನೆಲ್ಲ ಹೇಳಿದೆ. ಬಾಡಿಗೆ ಏರಿಸಲು ಹೇಳಿದ್ದು ಅವರೇ. ಆದರೆ ಹಣ ಮುಟ್ಟದೆ ತಿರುಗಿಸಿದ್ದು, ಮಂಚ ತಂದದ್ದು, ನೀರು ನಿಲ್ಲಿಸಿದ್ದು ಯಾವುದೂ ಅವರಿಗೆ ಗೊತ್ತಿರಲಿಲ್ಲ. ನೀರಿನ ಮಾತು ಬಂದಾಗ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಆದರೂ ಅವರು ಮೆತ್ತಗಾಗಲಿಲ್ಲ.

"ನೀರು ಇವತ್ತೇ ಬರುತ್ತದೆ. ಆದರೆ ನೀನೇ ಹೇಳು, ನಾನು ಎಷ್ಟು ವರ್ಷದಿಂದ ಬಾಡಿಗೆ ಏರಿಸಿಲ್ಲ? ಪತ್ರಾ ತೂತಾಗಿವೆ. ಮನೆಗೆ ಬರುವ ಆಯಾಳಿಗೆ ನಾನು ಏನು ಕೊಡಲಿ? ಆ ಚಾಳು ಬಿಟ್ಟರೆ ನನಗೆ ಯಾರಿದ್ದಾರೆ?"

ಅವರ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. "ಏರಿಸಬೇಕು. ಆದರೆ ಎಲ್ಲರೂ ಬಂದ ಮೇಲೆ, ಎಲ್ಲರೆದುರು," ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಮಧ್ಯಾಹ್ನದ ಹೊತ್ತಿಗೇ ಪಂಪು ಓಡತೊಡಗಿತ್ತು ಎಂದು ನಾನು ಮರಳಿದಾಗ ಹನುಮವ್ವ ಹೇಳಿದಳು.

ಮೊಹರಂ ಮುಗಿಸಿ ನಮ್ಮವರು ಮರಳಿ ಬಂದರು. ಮೊದಲು ಚಾರ್ಜ್ ಮರಳಿ ಕೊಟ್ಟೆ, ಖೋಲಿಯಿಂದ ಖೋಲಿಗೆ, ಗಾಲಿಯಿಲ್ಲದ ಸೈಕಲ್ ಸಮೇತ. ಬೀಬಿಜಾನ ತನ್ನ ಹೊಸ್ತಿಲು ದಾಟಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಒರೆಸಿಕೊಂಡಿದ್ದಳು, ಕೈಯಲ್ಲಿ ಚೋಂಗೆಯ ಗಂಟಿತ್ತು.

ಭಾನುವಾರ ಎಸ್ಪೆರಾನ್ಸ್ ಬಾಯಿ ಟ್ಯಾಕ್ಸಿಯಲ್ಲಿ ಬಂದರು. ರಾಜೇಸಾಬ ಮತ್ತು ಇನ್ನೊಬ್ಬ ಅವರನ್ನು ಕುರ್ಚಿ ಸಮೇತ ಎತ್ತಿ ನನ್ನ ಕಟ್ಟೆಯ ಮೇಲೆ ಕೂರಿಸಿದರು. ರೋಕ್ ಕೆಳಗೆ ಮೋಟರ್ ಸೈಕಲ್ಲಿಗೆ ಒರಗಿ ನಿಂತ. ಮಾತು ಶುರುವಾದ ಕೂಡಲೇ ರಾಜೇಸಾಬ ಒಂದು ಪೈಸೆಯನ್ನೂ ಹೆಚ್ಚಿಗೆ ಕೊಡುವುದಿಲ್ಲ ಎಂದ. ಗೆದ್ದ ಹುಮ್ಮಸ್ಸು ಅದು. ನಾನು ಹೆಚ್ಚಿಗೆ ಕೊಡಲೇಬೇಕು ಎಂದೆ.

"ಸಿಸ್ಟರ್ ಬಾಯಾರ, ನೀವು ಯಾರ ಕಡೆ?" ಎಂದ.

"ವಾರ್ಡಿನ ಕಡೆ. ಮ್ಯಾಲಿನ ಪತ್ರಾ ಬಿದ್ರ ಅದರ ಕೆಳಗ ಇರಾಂವ ನೀನ. ನೀ ಗೌಂಡಿ ಅದಿ, ನೀನ ಹೇಳ, ಹೊಸಾ ಪತ್ರಾಕ್ಕ ಏನ್ ಖರ್ಚ ಬರತೈತಿ?"

ಅವನು ಮೇಲೆ ನೋಡಿದ. ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆಮೇಲೆ ಬಾಯಿಬಿಟ್ಟು ಹೇಳಿದ ಮೊತ್ತ ಎಸ್ಪೆರಾನ್ಸ್ ಬಾಯಿ ಅಂದುಕೊಂಡಿದ್ದಕ್ಕಿಂತ ಹೆಚ್ಚಾಗಿತ್ತು. ಅವರು ಗಾಬರಿಯಾದರು. "ಕೂಲಿ ಬ್ಯಾಡ್ರಿ ಬಾಯಿ, ಕೂಲಿ ನಾವ ಮಾಡತೀವಿ. ಪತ್ರಾ ನೀವು ಕೊಡ್ರಿ," ಎಂದು ಅವನೇ ಸೇರಿಸಿದ. ಅಲ್ಲಿಂದ ಮಾತು ಸಲೀಸಾಯಿತು. ಮಧ್ಯಾಹ್ನದ ಊಟಕ್ಕೆ ಮೊದಲು ಎಲ್ಲ ತೀರ್ಮಾನವಾಯಿತು. ಬಾಡಿಗೆ ಏರುವುದು, ಆದರೆ ಡಬಲ್ ಅಲ್ಲ. ಮುಂದೆ ಏರಿಸುವುದಿದ್ದರೆ ವರ್ಷಕ್ಕೊಮ್ಮೆ, ಅದೂ ಮೊದಲೇ ತಿಳಿಸಿ. ಪ್ರತಿ ತಿಂಗಳು ರಸೀದಿ. ತಾಡಪತ್ರಿ, ಪತ್ರಾ, ಪಂಪು ಮಾಲಕರದು. ಬಾಡಿಗೆ ತಪ್ಪಿಸುವುದು, ಖೋಲಿಯನ್ನು ಬೇರೆಯವರಿಗೆ ಕೊಡುವುದು ನಮಗೆ ಕೂಡದು. ವಕೀಲೆ ಅದನ್ನು ಕರಾರಿನ ರೂಪದಲ್ಲಿ ಬರೆದುಕೊಟ್ಟಳು. ನಾನು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿ, ತಿಳಿಯಿತೇ ಎಂದು ಕೇಳಿ, ತಿಳಿದವರಿಂದ ಮಾತ್ರ ಸಹಿ ಹಾಕಿಸಿದೆ. ಹನುಮವ್ವ ಮೂರು ಸಲ ತಿಳಿಯಲಿಲ್ಲ ಎಂದಳು, ಎಲ್ಲರನ್ನೂ ಕಾಯಿಸುವ ಸುಖಕ್ಕೆ.

ಆಸ್ಪತ್ರೆಯಲ್ಲಿ ಎಷ್ಟೋ ಜೀವ ಉಳಿದದ್ದನ್ನು ಕಂಡಿದ್ದೇನೆ. ಅದರ ಹೆಸರು ಡಾಕ್ಟರಿಗೆ ಹೋಗುತ್ತದೆ, ಹೋಗಬೇಕಾದದ್ದೇ. ಆ ಮಳೆಗಾಲದ ಕೆಲಸ ಮಾತ್ರ ನಮ್ಮದು, ಹತ್ತೂ ಖೋಲಿಯವರದು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕರಾರು ಆದ ಮುಂದಿನ ವಾರ ಜೋರು ಮಳೆಯಲ್ಲಿ ರೋಕ್ ಪತ್ರಾ ಅಳೆಯಲು ಬಂದ. ನಾನು ಊಟಕ್ಕೆ ಕುಳಿತಿದ್ದೆ. ಬಾಗಿಲು ತೆರೆದೇ ಇತ್ತು. ಅಳತೆಯ ಟೇಪು ಹಿಡಿದುಕೊಂಡು ಕಟ್ಟೆಯ ಕೆಳಗೆ, ನೀರು ಸುರಿಯುವ ಜಾಗದಲ್ಲೇ ನಿಂತಿದ್ದ. ಭುಜದಿಂದ ನೀರು ಇಳಿಯುತ್ತಿತ್ತು.

"ಬಾಯ್," ಎಂದ, "ಒಳಗ ಬರ್ಲೇನ್ರಿ?"

ಮನೆ ಅವರದು. ಗೋಡೆ, ಪತ್ರಾ, ಹೊಸ್ತಿಲು ಎಲ್ಲ ಅವರದೇ. ನಾನು ಕೈಯಲ್ಲಿದ್ದ ತುತ್ತು ಮುಗಿಸಿದೆ.

"ಬರ್ರಿ," ಎಂದೆ. "ಚಪ್ಪಲ್ ಹೊರಗ ಬಿಡ್ರಿ."